ಕಾರಿನೊಳಗಿನ ಕಿಡಿ

ಬೀಡಿ ತಂಬಾಕಿಗೆ ಹೆಸರಾದ ನಿಪ್ಪಾಣಿಯ ಹೆದ್ದಾರಿಯಲ್ಲಿ ಸಾಗುವ ಅನೇಕ ಕಾರುಗಳಲ್ಲಿ ಒಂದು ದುಂಡನೆಯ ಕುಳಿಯುಂಟು. ಅದು ಹುಟ್ಟಿದ್ದು ಸಿಗರೇಟು ಹೊತ್ತಿಸಲು. ಇಂದು ಅದರ ಕಾಯಕ ಮೊಬೈಲಿಗೆ ವಿದ್ಯುತ್ತು ಉಣಿಸುವುದು. ವಿದ್ಯುತ್ ಸಿಗರೇಟಿನ ಮಾರಾಟ 2019ರಲ್ಲಿಯೇ ಭಾರತದಲ್ಲಿ ನಿಷಿದ್ಧವಾಯಿತು. ಅದರೊಳಗಿನಂಥದೇ ಲಿಥಿಯಂ ಕೋಶ ಮಾತ್ರ ಮನೆಮಂದಿಯೆಲ್ಲರ ಕೈಯಲ್ಲಿದೆ.

ಕುಳಿಯ ವಿದ್ಯುತ್ತು ಸುಮಾರು 12 ವೋಲ್ಟು. ಕೋಶ ತಾಳುವುದು ಸಾಮಾನ್ಯವಾಗಿ 4.2ರ ಆಸುಪಾಸು. ನಡುವೆ ನಿಂತು ಅದನ್ನು ತಗ್ಗಿಸುವ ಚಾರ್ಜರೇ ಕಾವಲುಗಾರ. ಅಗ್ಗದ ಆಸೆಗೆ ಕಳಪೆಯದನ್ನು ಕೊಂಡರೆ ಕಾವಲೇ ಇಲ್ಲದಂತೆ.

ಅಥಣಿಯ ವೈಶಾಖದ ಬಿಸಿಲಿನಲ್ಲಿ ಬಾಗಿಲು ಮುಚ್ಚಿ ನಿಂತ ಕಾರು ಒಲೆಯಾಗುತ್ತದೆ. ಅದರೊಳಗೆ ಮೊಬೈಲನ್ನು ಚಾರ್ಜಿಗಿಟ್ಟು ಸಂತೆಗೆ ಹೋಗಬಾರದು; ಉಬ್ಬಿದ ಕೋಶಕ್ಕೆ ವಿದ್ಯುತ್ತು ಕೊಡಲೇಬಾರದು. ಕೆಂಡ ಸಣ್ಣದೆಂದು ಸೆರಗಿನಲ್ಲಿ ಕಟ್ಟಿಕೊಳ್ಳುವವರುಂಟೆ?