ಟೋಕನ್ ಕೊಡುವ ಮೊದಲು ಒಂದು ಗುಂಡಿ

ಜಮೀನು ಕೊಳ್ಳುವವರು ನಮ್ಮಲ್ಲಿ ಮೊದಲು ಕೇಳುವುದು ಪಹಣಿ, ಮ್ಯುಟೇಶನ್, ಇ.ಸಿ. ವಕೀಲರು ಹಳೆಯ ಕಾಗದಗಳನ್ನೆಲ್ಲ ತಿರುವಿ ನೋಡುತ್ತಾರೆ, ಸರ್ವೆಯವರು ಬಂದು ಹದ್ದುಬಸ್ತು ಗುರುತಿಸುತ್ತಾರೆ. ಇದೆಲ್ಲ ಬೇಕಾದದ್ದೇ. ಆದರೆ ಅದೇ ನೆಲದಲ್ಲಿ ಮೂರಡಿ ಗುಂಡಿ ತೆಗೆಸಿ, ಒಳಗೆ ಏನಿದೆ ಎಂದು ಬಗ್ಗಿ ನೋಡಿದವರನ್ನು ನಾನು ಕಂಡದ್ದು ಬಹಳ ಕಡಿಮೆ. ಪಹಣಿಯಲ್ಲೇ ಮಣ್ಣಿನ ನಮೂನೆಗೆಂದು ಒಂದು ಕಾಲಂ ಇದೆ. ಅದರ ಮೇಲೆ ಯಾರ ಕಣ್ಣೂ ನಿಲ್ಲುವುದಿಲ್ಲ.

ತರೀಕೆರೆ ತಾಲ್ಲೂಕಿನ ಲಿಂಗದಹಳ್ಳಿಯಲ್ಲಿ ನಿಂತವರಿಗಾದರೂ ಈ ಮರೆವು ಬರಬಾರದು. ಎದುರಿಗಿರುವ ಬೆಟ್ಟದ ಹೆಸರೇ ಕೆಮ್ಮಣ್ಣುಗುಂಡಿ. 1923ರಲ್ಲಿ ಉತ್ಪಾದನೆ ಶುರುಮಾಡಿದ ಭದ್ರಾವತಿಯ ಕಬ್ಬಿಣದ ಕಾರ್ಖಾನೆಗೆ ಅದಿರು ಹೋಗುತ್ತಿದ್ದದ್ದು ಅಲ್ಲಿಂದಲೇ. ಆ ಬೆಟ್ಟಸಾಲಿನ ಬುಡದಲ್ಲಿ ಕೆಂಪು ನೆಲ, ತಗ್ಗಿನಲ್ಲಿ ಕೊಚ್ಚಿ ಬಂದು ನಿಂತ ಮೆಕ್ಕಲು, ಅದರಲ್ಲಿ ಅಡಿಕೆ ತೋಟ. ಕಡೂರಿನ ಕಡೆ ಹೊರಟರೆ ಮಸಾರಿ, ಗರಸು, ತೆಂಗು, ರಾಗಿ. ಅಜ್ಜಂಪುರದ ಕಡೆ ಹೊರಟರೆ ಎರೆ. ಕಡಲೆ, ಈರುಳ್ಳಿ, ಹತ್ತಿ. ಒಂದೆರಡು ಗಂಟೆಯ ಪ್ರಯಾಣದಲ್ಲಿ ಮೂರು ಬಗೆಯ ನೆಲ. ಹಾಗಿರುವಾಗ ಒಂದು ಊರಿನಲ್ಲಿ ಫಲಿಸಿದ ಬುದ್ಧಿವಾದವನ್ನು ಇನ್ನೊಂದು ಊರಿಗೆ ಹಾಗೆಯೇ ಹೊತ್ತೊಯ್ಯುವುದು ಹೇಗೆ?

ನಮ್ಮ ಸಂಬಂಧಿಕರೊಬ್ಬರು ಹೊತ್ತೊಯ್ದರು. ಅಜ್ಜಂಪುರದ ಕಡೆ ಸೈಟು ಕೊಂಡು, ತರೀಕೆರೆಯಲ್ಲಿ ಕಟ್ಟಿದ್ದ ಮನೆಯ ಪ್ಲಾನನ್ನೇ ತಂದು, ಅಷ್ಟೇ ಆಳದ ಪಾಯ ಹಾಕಿಸಿದರು. ಎರಡನೇ ಬೇಸಿಗೆಗೆ ಕಿಟಕಿಯ ಮೂಲೆಯಿಂದ ಓರೆಯಾಗಿ ಬಿರುಕು ಹೊರಟಿತು. ಮಳೆಗಾಲದಲ್ಲಿ ಹಿತ್ತಿಲ ಬಾಗಿಲು ಚೌಕಟ್ಟಿಗೆ ಕಚ್ಚಿಕೊಂಡು ಭುಜ ಕೊಟ್ಟು ತಳ್ಳಬೇಕಾಯಿತು. ಮೇಸ್ತ್ರಿ ಬಿರುಕಿಗೆ ಪುಟ್ಟಿ ತುಂಬಿ ಬಣ್ಣ ಹೊಡೆದ. ಮುಂದಿನ ಬೇಸಿಗೆ ಅದು ಅದೇ ಜಾಗದಲ್ಲಿ ಬಾಯಿಬಿಟ್ಟಿತು. ಹಿತ್ತಿಲಾಚೆಯ ಹೊಲದಲ್ಲಿ ಆಗ ಮುಷ್ಟಿ ಇಳಿಯುವಷ್ಟು ಅಗಲಕ್ಕೆ ನೆಲ ಸೀಳಿತ್ತು. ಎರೆಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ಅದರ ಮೇಲೆ ಕುಳಿತ ಗೋಡೆ ವರ್ಷ ವರ್ಷವೂ ಏರಿಳಿಯುತ್ತದೆ.

ದುಡ್ಡಿದ್ದರೆ ಯಾವ ನೆಲದಲ್ಲಾದರೂ ಕಟ್ಟಬಹುದು ಎನ್ನುವ ಮಾತಿದೆ. ಅದು ಸುಳ್ಳಲ್ಲ. ಎರೆಯಲ್ಲಿ ಮನೆ ಕಟ್ಟಲೆಂದೇ ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆಯವರು ಬುಡದಲ್ಲಿ ಕೊಡದ ಹಾಗೆ ಉಬ್ಬಿದ ಕಾಂಕ್ರೀಟ್ ಕಂಬಗಳ ವಿಧಾನವನ್ನು ರೂಪಿಸಿದ್ದಾರೆ. ಹಸಿಯಾಗಿ ಒಣಗುವ ಮೇಲಿನ ಪದರವನ್ನು ದಾಟಿ ಆ ಕಂಬಗಳು ಕೆಳಗೆ ಕಚ್ಚಿ ನಿಲ್ಲುತ್ತವೆ. ಆದರೆ ಆ ಖರ್ಚು ಸೈಟಿನ ಬೆಲೆಗೆ ಸೇರಬೇಕಾದ ಖರ್ಚು. ಮಣ್ಣು ಮೊದಲೇ ಗೊತ್ತಿದ್ದರೆ ಚೌಕಾಸಿ ಮಾಡಬಹುದು, ಬೇಡ ಎನ್ನಲೂಬಹುದು. ರಿಜಿಸ್ಟ್ರೇಷನ್ ಆದ ಮೇಲೆ ತಿಳಿದರೆ ಕೊಂಡವನೇ ತೆರಬೇಕು.

ತೋಟದ ವಿಷಯವೂ ಇಷ್ಟೇ, ಅಲ್ಲಿ ಪೆಟ್ಟು ನಿಧಾನವಾಗಿ ಬೀಳುತ್ತದೆ. ನಮ್ಮ ತಗ್ಗಿನ ಎರಡು ಸಾಲು ಅಡಿಕೆ ಹಳದಿಯಾದಾಗ ಮೂರು ವರ್ಷ ಗೊಬ್ಬರ ಸುರಿದೆವು. ಕೊನೆಗೆ ಸಾಲಿನ ನಡುವೆ ಗುಂಡಿ ತೆಗೆಸಿದೆ. ಮೇಲೆ ಒಂದಡಿ ಪುಡಿಪುಡಿಯಾದ ಒಳ್ಳೆಯ ಮಣ್ಣು. ಕೆಳಗೆ ಬೆರಳಿಗೆ ಮೇಣದಂತೆ ಅಂಟುವ ಬೂದು ಜೇಡಿ. ಜೇಡಿಯ ಹತ್ತಿರ ಬಂದ ಬೇರುಗಳು ಅಡ್ಡಕ್ಕೆ ತಿರುಗಿದ್ದವು, ತುದಿ ಕಪ್ಪಾಗಿತ್ತು. ಸುರಿದ ನೀರು ಎರಡು ದಿನವಾದರೂ ಇಂಗಲಿಲ್ಲ. ಆ ಗಿಡಗಳಿಗೆ ಬೇಕಾಗಿದ್ದದ್ದು ಗೊಬ್ಬರವಲ್ಲ, ಆಳದ ಬಸಿಗಾಲುವೆ. ಅಣಬೆ ರೋಗ, ಹಿಡಿಮುಂಡಿಗೆ ಸುಲಭವಾಗಿ ನೆಲೆಯೂರುವುದು ಇಂಥ ನೀರು ಬಸಿಯದ ಜಾಗದಲ್ಲೇ.

ಹಾಗಾಗಿ ಮಣ್ಣಿನಲ್ಲಿ ತಿದ್ದಬಹುದಾದದ್ದು ಯಾವುದು, ಹೊಂದಿಕೊಳ್ಳಲೇಬೇಕಾದದ್ದು ಯಾವುದು ಎಂದು ಬೇರೆ ಮಾಡಿಕೊಳ್ಳಬೇಕು. ಹುಳಿಯಾದ ಮಣ್ಣಿಗೆ ಸುಣ್ಣ, ಸತುವಿನ ಕೊರತೆಗೆ ಸತು, ಬರಡಾದ ಮಸಾರಿಗೆ ಕೊಟ್ಟಿಗೆ ಗೊಬ್ಬರ, ಕೆರೆಗೋಡು: ಇವು ಕೈಲಾಗುವ ಕೆಲಸ. ಅಡಿಯ ಜೇಡಿ, ಎರಡಡಿಗೆ ಸಿಗುವ ಬಂಡೆ, ಜಾಗದ ಇಳಿಜಾರು ಇವು ಹಾಗಲ್ಲ. ಕೊಳ್ಳುವ ಮುಂಚೆ ನೋಡಬೇಕಾದದ್ದು ಈ ಎರಡನೆಯವನ್ನು.

2015ರಲ್ಲಿ ಶುರುವಾದ ಮಣ್ಣು ಆರೋಗ್ಯ ಚೀಟಿ ಹನ್ನೆರಡು ಅಂಶಗಳನ್ನು ಹೇಳುತ್ತದೆ. ರಸಸಾರದಿಂದ ಹಿಡಿದು ಬೋರಾನ್‌ವರೆಗೆ. ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿದರೆ ಮಾದರಿ ತೆಗೆಯುವ ಕ್ರಮ ತಿಳಿಸುತ್ತಾರೆ. ಅದು ಬೆಳೆಗೆ ಸಂಬಂಧಿಸಿದ ಚೀಟಿ. ನೆಲ ಎಷ್ಟು ಭಾರ ಹೊರುತ್ತದೆ ಎಂಬುದನ್ನು ಅದು ಹೇಳುವುದಿಲ್ಲ, ಮನೆಗೆ ಬೇರೆಯೇ ಪರೀಕ್ಷೆ ಬೇಕು. ಇನ್ನು ಯಾವ ಪ್ರಯೋಗಾಲಯವೂ ಹೇಳದ ಸಂಗತಿಗಳಿವೆ: ಈ ಸೈಟು ಹಿಂದೆ ಕೆರೆಯಂಗಳವಾಗಿತ್ತೇ, ಇಟ್ಟಿಗೆಗೆ ಮಣ್ಣು ತೆಗೆದ ಹಳ್ಳವನ್ನು ಮುಚ್ಚಿದ್ದೇ, ಮಳೆಗಾಲದಲ್ಲಿ ಇಲ್ಲಿ ಎಷ್ಟು ದಿನ ನೀರು ನಿಲ್ಲುತ್ತಿತ್ತು? ಅದಕ್ಕೆ ಪಕ್ಕದ ಹೊಲದ ಅಜ್ಜನನ್ನೇ ಕೇಳಬೇಕು.

ಜಾಗ ನೋಡಲು ಬೇಸಿಗೆಯಲ್ಲಿ ಒಮ್ಮೆ, ಜೋರು ಮಳೆ ಬಿದ್ದ ಮರುದಿನ ಇನ್ನೊಮ್ಮೆ ಹೋಗಿ. ಒಡೆಯರ ಒಪ್ಪಿಗೆ ಪಡೆದು ಎರಡು ಮೂರು ಕಡೆ ಗುಂಡಿ ತೆಗೆಸಿ, ನೀರು ತುಂಬಿಸಿ, ಎಷ್ಟು ಹೊತ್ತಿಗೆ ಇಂಗುತ್ತದೆ ನೋಡಿ. ಪದರ ಪದರದ ಮಣ್ಣನ್ನು ಹಸಿ ಮಾಡಿ ಅಂಗೈಯಲ್ಲಿ ಹೊಸೆಯಿರಿ. ಗುಂಡಿ ತೆಗೆಯಲು ಒಡೆಯರು ಒಪ್ಪದಿದ್ದರೆ ಟೋಕನ್ ಅಡ್ವಾನ್ಸ್ ಕೊಡಬೇಡಿ.