ಒಂದು ಗಡಿಯಾರ, ಹಲವು ಸೂರ್ಯೋದಯ

ಕಳೆದ ಯುಗಾದಿಯ ಹೊತ್ತಿಗೆ ನಮ್ಮ ಸಂಘದ ಹಳೆಯ ಸದಸ್ಯರೊಬ್ಬರಿಂದ ಒಂದು ಪತ್ರ ಬಂತು. ಬ್ಯಾಂಕಿನ ವರ್ಗಾವಣೆಯ ಮೇಲೆ ಮುಂಬಯಿ ಬಿಟ್ಟು ಗುವಾಹಟಿ ಸೇರಿದವರು ಅವರು. "ಇಲ್ಲಿ ನಾವು ಬ್ಯಾಂಕಿನ ಬಾಗಿಲು ತೆರೆಯುವ ಹೊತ್ತಿಗೆ ಸೂರ್ಯ ಹುಟ್ಟಿ ನಾಲ್ಕೂವರೆ ಗಂಟೆಯಾಗಿರುತ್ತದೆ. ಚಳಿಗಾಲದಲ್ಲಿ ಲೆಕ್ಕ ಮುಗಿಸಿ ಹೊರಗೆ ಬಂದರೆ ಕತ್ತಲೆ. ಕೈಯಲ್ಲಿರುವುದು ಮುಂಬಯಿಯಲ್ಲಿ ಕಟ್ಟುತ್ತಿದ್ದ ಅದೇ ಗಡಿಯಾರ, ದಿನ ಮಾತ್ರ ಬೇರೆಯದು" ಎಂದು ಬರೆದಿದ್ದರು. ಜೊತೆಗೆ ಒಂದು ಸಣ್ಣ ಪ್ರಶ್ನೆ: ಉಡುಪಿಯಿಂದ ತರಿಸಿಕೊಂಡ ಪಂಚಾಂಗದ ಸೂರ್ಯೋದಯ ಇಲ್ಲಿಗೆ ಹೊಂದುವುದಿಲ್ಲವಲ್ಲ, ಏನು ಮಾಡಲಿ?

ಪ್ರಶ್ನೆ ಸಣ್ಣದಾದರೂ ಅದರ ಬೇರು ಆಳದಲ್ಲಿದೆ. ಮೊದಲು ಲೆಕ್ಕವನ್ನು ನೋಡೋಣ. ಭೂಮಿ ತನ್ನ ಸುತ್ತ ಒಂದು ಸುತ್ತು, ಅಂದರೆ 360 ಡಿಗ್ರಿ, ತಿರುಗಲು 24 ಗಂಟೆ ಬೇಕು. ಹಾಗಾದರೆ ಗಂಟೆಗೆ 15 ಡಿಗ್ರಿ. ಒಂದು ಡಿಗ್ರಿಗೆ ನಾಲ್ಕು ನಿಮಿಷ. ಪೂರ್ವಕ್ಕೆ ಹೋದಂತೆ ಕೂಡಿಸಬೇಕು, ಪಶ್ಚಿಮಕ್ಕೆ ಬಂದಂತೆ ಕಳೆಯಬೇಕು. ಸಮಯದ ಪರಿವರ್ತನೆಯೆಂಬ ವಿದ್ಯೆಯ ತಿರುಳು ಇಷ್ಟೇ. ಉಡುಪಿ ಇರುವುದು ಸುಮಾರು ಮುಕ್ಕಾಲು ಕೂಡಿದ 74ನೆಯ ಡಿಗ್ರಿ ಪೂರ್ವ ರೇಖಾಂಶದಲ್ಲಿ, ಗುವಾಹಟಿ ಮುಕ್ಕಾಲು ಕೂಡಿದ 91ರಲ್ಲಿ. ನಡುವಿನ ಅಂತರ 17 ಡಿಗ್ರಿ; ನಾಲ್ಕರಿಂದ ಗುಣಿಸಿದರೆ 68 ನಿಮಿಷ. ಯುಗಾದಿಯ ಸುಮಾರಿಗೆ, ಹಗಲು ರಾತ್ರಿಗಳು ಹೆಚ್ಚುಕಡಿಮೆ ಸಮನಾಗಿರುವಾಗ, ಉಡುಪಿಗಿಂತ ಅಷ್ಟು ಮೊದಲೇ ಗುವಾಹಟಿಯಲ್ಲಿ ಬೆಳಗಾಗುತ್ತದೆ. ಬೇಸಿಗೆ ಚಳಿಗಾಲಗಳಲ್ಲಿ ಅಕ್ಷಾಂಶದ ವ್ಯತ್ಯಾಸವೂ ಸೇರಿಕೊಂಡು ಈ ಅಂತರ ಹಿಗ್ಗುತ್ತದೆ, ಕುಗ್ಗುತ್ತದೆ.

ನಮ್ಮ ಹಿರಿಯರಿಗೆ ಈ ಲೆಕ್ಕ ಹೊಸದಾಗಿರಲಿಲ್ಲ. ಉಜ್ಜಯಿನಿಯ ಮೂಲಕ ಹಾದುಹೋಗುವ ರೇಖೆಯನ್ನು ಮೂಲವೆಂದು ಹಿಡಿದು, ಅದರಿಂದ ತಮ್ಮ ಊರು ಎಷ್ಟು ಪೂರ್ವಕ್ಕೆ ಅಥವಾ ಪಶ್ಚಿಮಕ್ಕೆ ಇದೆಯೆಂದು ನೋಡಿ, ದೇಶಾಂತರ ಸಂಸ್ಕಾರವೆಂಬ ಹೆಸರಿನಲ್ಲಿ ಜ್ಯೋತಿಷಿಗಳು ಇದನ್ನು ಮಾಡುತ್ತಲೇ ಬಂದಿದ್ದರು. ದಿನಕ್ಕೆ 60 ಘಳಿಗೆ, ಘಳಿಗೆಗೆ 24 ನಿಮಿಷ. ಆರು ಡಿಗ್ರಿಗೆ ಒಂದು ಘಳಿಗೆ. ಆದ್ದರಿಂದ ಗುವಾಹಟಿಯ ಮಿತ್ರರಿಗೆ ನಮ್ಮ ಉತ್ತರವಿಷ್ಟು: ತಿಥಿಯ ಅಂತ್ಯವನ್ನು ಪಂಚಾಂಗವು ಗಂಟೆ ನಿಮಿಷಗಳಲ್ಲಿ ಕೊಟ್ಟಿದ್ದರೆ ಅದು ಇಡೀ ಭಾರತಕ್ಕೆ ಒಂದೇ, ಅದನ್ನು ಮುಟ್ಟಬೇಡಿ. ಸೂರ್ಯೋದಯದಿಂದ ಎಣಿಸಿದ ಘಳಿಗೆಗಳಲ್ಲಿ ಕೊಟ್ಟಿದ್ದರೆ ಉಡುಪಿಯ ಉದಯಕ್ಕೂ ನಿಮ್ಮ ಊರಿನ ಉದಯಕ್ಕೂ ಇರುವ ವ್ಯತ್ಯಾಸವನ್ನು ಆ ಘಳಿಗೆಗಳಿಗೆ ಕೂಡಿಸಿಕೊಳ್ಳಿ. ಉದಯಕಾಲದ ತಿಥಿಯನ್ನು ನೆಚ್ಚಿದ ಹಬ್ಬವೊಂದು ಊರಿನಲ್ಲಿ ಇಂದು, ನಿಮ್ಮಲ್ಲಿ ನಾಳೆ ಬಂದರೆ ಅದು ಪಂಚಾಂಗದ ತಪ್ಪಲ್ಲ. ನೀವು ನಿಂತಿರುವ ನೆಲ ಬೇರೆ, ಅಷ್ಟೇ.

ಊರಿಗೊಂದು ಸಮಯವಿದ್ದ ಆ ಕಾಲವನ್ನು ಮುಗಿಸಿದ್ದು ರೈಲು ಮತ್ತು ತಂತಿ. ಒಂಟಿ ಹಳಿಯ ಮೇಲೆ ಎದುರುಬದುರು ಬರುವ ಗಾಡಿಗಳನ್ನು ನಡೆಸುವವರಿಗೆ ಎಲ್ಲ ನಿಲ್ದಾಣಗಳಲ್ಲಿಯೂ ಒಂದೇ ಗಂಟೆ ಬೇಕಾಯಿತು. 1792ರಲ್ಲಿ ಸ್ಥಾಪನೆಯಾದ ಮದ್ರಾಸಿನ ವೀಕ್ಷಣಾಲಯದ ಸಮಯವನ್ನೇ ನಮ್ಮ ರೈಲುಗಳು ಬಹುಕಾಲ ಅನುಸರಿಸಿದವು. ಗ್ರೀನಿಚ್ಚಿಗಿಂತ ಮದ್ರಾಸು 5 ಗಂಟೆ 21 ನಿಮಿಷ ಮುಂದೆ, ಕಲಕತ್ತ 5 ಗಂಟೆ 53 ನಿಮಿಷ, ಮುಂಬಯಿ 4 ಗಂಟೆ 51 ನಿಮಿಷ. 1884ರಲ್ಲಿ ವಾಷಿಂಗ್ಟನ್ನಿನಲ್ಲಿ ಸೇರಿದ ಸಮ್ಮೇಳನ ಗ್ರೀನಿಚ್ಚನ್ನು ಜಗತ್ತಿನ ಮೂಲರೇಖೆಯೆಂದು ಒಪ್ಪಿದ ಮೇಲೆ, 1906ರ ಜನವರಿ 1ರಿಂದ 82 ಡಿಗ್ರಿ 30 ಕಲೆಯ ರೇಖಾಂಶವನ್ನು ಆಧರಿಸಿದ ಐದೂವರೆ ಗಂಟೆಯ ಭಾರತೀಯ ಪ್ರಮಾಣ ಸಮಯ ಜಾರಿಗೆ ಬಂತು. ಉತ್ತರ ಪ್ರದೇಶದ ಮಿರ್ಜಾಪುರದ ಬಳಿ ಹಾದುಹೋಗುವ ಆ ರೇಖೆಯ ಮೇಲಿರುವವರಿಗೆ ಮಾತ್ರ ಗಡಿಯಾರದ ಹನ್ನೆರಡೂ ನೆತ್ತಿಯ ಸೂರ್ಯನೂ ಸರಾಸರಿಯಲ್ಲಿ ಕೂಡುತ್ತವೆ. ಬೆಂಗಳೂರಿನಲ್ಲಿ ಮಧ್ಯಾಹ್ನ ಸುಮಾರು 20 ನಿಮಿಷ ತಡ, ಮುಂಬಯಿಯಲ್ಲಿ 39 ನಿಮಿಷ ತಡ. ಗುವಾಹಟಿಯಲ್ಲಿ 37 ನಿಮಿಷ ಮೊದಲೇ.

ಈ ಬದಲಾವಣೆಯನ್ನು ಮುಂಬಯಿ ಸುಲಭವಾಗಿ ಒಪ್ಪಲಿಲ್ಲ. ಗಡಿಯಾರವನ್ನು 39 ನಿಮಿಷ ಮುಂದಕ್ಕೆ ತಳ್ಳುವುದೆಂದರೆ ಗಿರಣಿಯ ಆಳು ಅಷ್ಟು ಮೊದಲೇ ಕತ್ತಲಲ್ಲಿ ಎದ್ದು ಹೊರಡಬೇಕೆಂದು ಅರ್ಥ. 1906ರ ಜನವರಿಯಲ್ಲಿಯೇ ಗಿರಣಿಯೊಂದರ ಸಾವಿರಾರು ಕಾರ್ಮಿಕರು ಹೊಸ ಸಮಯದ ವಿರುದ್ಧ ಕೆಲಸ ನಿಲ್ಲಿಸಿದರು. ಸಭೆಗಳು ನಡೆದವು, ಮನವಿಗಳು ಹೋದವು. ನಗರಸಭೆ ತನ್ನ ಗಡಿಯಾರಗಳನ್ನು ಮತ್ತೆ ಮುಂಬಯಿ ಸಮಯಕ್ಕೇ ತಿರುಗಿಸಿತು. ಕಲಕತ್ತ 1948ರವರೆಗೆ, ಮುಂಬಯಿ 1955ರವರೆಗೆ ತಮ್ಮ ತಮ್ಮ ಸಮಯವನ್ನು ಉಳಿಸಿಕೊಂಡವು.

ನಮ್ಮವರಿಗೂ ಇದು ಹೊರಗಿನ ಕಥೆಯಲ್ಲ. ಆ ಅರ್ಧ ಶತಮಾನದಲ್ಲಿ ತುಳುನಾಡಿನಿಂದಲೂ ಉತ್ತರ ಕರ್ನಾಟಕದಿಂದಲೂ ಮುಂಬಯಿಗೆ ಬಂದು, ಹೋಟೆಲುಗಳಲ್ಲಿ ದುಡಿದು, ಕನ್ನಡದ ರಾತ್ರಿಶಾಲೆಗಳಲ್ಲಿ ಅಕ್ಷರ ಕಲಿತ ತಲೆಮಾರು ಎರಡು ಗಡಿಯಾರಗಳ ನಡುವೆ ಬಾಳಿತು. ನಗರಸಭೆಯ ಗಡಿಯಾರ ಎಂಟು ತೋರಿಸಿದಾಗ ರೈಲಿನ ಗಡಿಯಾರ ಎಂಟು ಗಂಟೆ ಮೂವತ್ತೊಂಬತ್ತು ನಿಮಿಷ ತೋರಿಸುತ್ತಿತ್ತು. ಊರಿಗೆ ಹೊರಟವರು ಈ ಲೆಕ್ಕವನ್ನು ಮರೆತರೆ ಗಾಡಿ ತಪ್ಪಿದಂತೆಯೇ. ತೊಡಕೇನೋ ಇತ್ತು. ಆದರೆ ಆ ತೊಡಕಿನಿಂದ ದೇಶ ಒಡೆಯಲಿಲ್ಲ. ಸ್ವಾತಂತ್ರ್ಯ ಚಳವಳಿ ತನ್ನ ಬಹುದೊಡ್ಡ ಸಭೆಗಳನ್ನು ನಡೆಸಿದ್ದು ಈ ಎರಡು ಸಮಯಗಳ ಮುಂಬಯಿಯಲ್ಲಿಯೇ ಎಂಬುದನ್ನು ಇಂದು ನೆನೆಯಬೇಕಾಗಿದೆ.

ಏಕೆಂದರೆ ಅಂದು ಮುಂಬಯಿ ಕೇಳಿದ್ದನ್ನು ಇಂದು ಈಶಾನ್ಯ ಭಾರತ ಕೇಳುತ್ತಿದೆ. ನಮ್ಮ ದೇಶ ಪೂರ್ವ ಪಶ್ಚಿಮವಾಗಿ ಸುಮಾರು 29 ಡಿಗ್ರಿ ಹರಡಿದೆ. ಕಛ್ಛಿನ ಅಂಚಿಗೂ ಅರುಣಾಚಲದ ಅಂಚಿಗೂ ಸೂರ್ಯನ ಲೆಕ್ಕದಲ್ಲಿ ಹತ್ತಿರ ಹತ್ತಿರ ಎರಡು ಗಂಟೆಯ ಅಂತರ. ಗುವಾಹಟಿಯಲ್ಲಿ ಜೂನ್ ತಿಂಗಳಲ್ಲಿ ನಾಲ್ಕೂವರೆಗೇ ಬೆಳಗಾಗುತ್ತದೆ, ಡಿಸೆಂಬರಿನಲ್ಲಿ ಸಂಜೆ ನಾಲ್ಕೂವರೆಗೇ ಸೂರ್ಯ ಮುಳುಗುತ್ತಾನೆ. ಬೆಳಗಿನ ಬೆಳಕು ವ್ಯರ್ಥ. ಸಂಜೆ ದೀಪದ ಖರ್ಚು. ಅಸ್ಸಾಮಿನ ಚಹಾತೋಟಗಳು ಬಹು ಹಿಂದಿನಿಂದಲೇ ಒಂದು ಗಂಟೆ ಮುಂದಿರುವ 'ಬಾಗಾನ್ ಸಮಯ'ವನ್ನು ಪಾಲಿಸುತ್ತ ಬಂದಿವೆ. 2014ರಲ್ಲಿ ಅಸ್ಸಾಮಿನ ಅಂದಿನ ಮುಖ್ಯಮಂತ್ರಿ ತರುಣ್ ಗೊಗೊಯಿ ಅದನ್ನೇ ಇಡೀ ರಾಜ್ಯಕ್ಕೆ ತರಬೇಕೆಂದರು. 2017ರಲ್ಲಿ ಅರುಣಾಚಲದ ಮುಖ್ಯಮಂತ್ರಿ ಪೇಮಾ ಖಂಡು ಇದೇ ಮಾತನ್ನು ಆಡಿದರು. ಅದೇ ವರ್ಷ ಗೌಹಾಟಿ ಉಚ್ಚ ನ್ಯಾಯಾಲಯ ಈ ಕುರಿತ ಅರ್ಜಿಯೊಂದನ್ನು ತಳ್ಳಿಹಾಕಿತು.

ಬೇರೆ ದೊಡ್ಡ ದೇಶಗಳು ಏನು ಮಾಡಿವೆ? ರಷ್ಯದಲ್ಲಿ 11 ಕಾಲವಲಯಗಳಿವೆ. ಮಾಸ್ಕೋದಲ್ಲಿ ಬೆಳಗಿನ ಹತ್ತು ಗಂಟೆಯಾದಾಗ ವ್ಲಾದಿವೊಸ್ತೋಕಿನಲ್ಲಿ ಸಂಜೆ ಐದು. ಅಂಥ ದೇಶವೂ ತನ್ನ ರೈಲುಗಳನ್ನೆಲ್ಲ ಮಾಸ್ಕೋ ಸಮಯಕ್ಕೇ ಕಟ್ಟಿಹಾಕಿತ್ತು. ಟಿಕೇಟಿನ ಮೇಲೆ ಪ್ರಯಾಣಿಕನ ಊರಿನ ಸಮಯವನ್ನು ಮುದ್ರಿಸತೊಡಗಿದ್ದು 2018ರಲ್ಲಿ. ಅಮೆರಿಕದ ರೈಲುಗಳು 1883ರಲ್ಲಿಯೇ ವಲಯಗಳನ್ನು ಮಾಡಿಕೊಂಡವು. ಅಲ್ಲಿ ಮಕ್ಕಳಿರುವ ನಮ್ಮ ಓದುಗರಿಗೆ ಆ ಲೆಕ್ಕ ಬಾಯಿಪಾಠ: ನ್ಯೂಯಾರ್ಕಿಗೆ ಚಳಿಗಾಲದಲ್ಲಿ ಹತ್ತೂವರೆ ಗಂಟೆ ಕಳೆಯಬೇಕು, ಬೇಸಿಗೆಯಲ್ಲಿ ಒಂಬತ್ತೂವರೆ, ಪಶ್ಚಿಮ ತೀರಕ್ಕೆ ಇನ್ನೂ ಮೂರು ಗಂಟೆ. ಚೀನದ ದಾರಿ ಬೇರೆ. ಹಿಂದೆ ಐದು ವಲಯಗಳಿದ್ದ ಆ ದೇಶ 1949ರ ನಂತರ ಬೀಜಿಂಗಿನ ಒಂದೇ ಸಮಯಕ್ಕೆ ಬಂತು. ಶಿಂಜಿಯಾಂಗಿನ ಉರುಮ್ಚಿಯಲ್ಲಿ ಸೂರ್ಯ ನೆತ್ತಿಗೆ ಬರುವಾಗ ಗಡಿಯಾರದಲ್ಲಿ ಎರಡು ಗಂಟೆ ಮೀರಿರುತ್ತದೆ. ಆದರೂ ಅಲ್ಲಿನ ಕಚೇರಿಗಳು ಬೆಳಿಗ್ಗೆ ಹತ್ತರ ಸುಮಾರಿಗೆ ತೆರೆಯುತ್ತವೆ. ಜನ ತಮ್ಮೊಳಗೆ ಎರಡು ಗಂಟೆ ಹಿಂದಿನ ಸ್ಥಳೀಯ ಸಮಯವನ್ನೂ ಬಳಸುತ್ತಾರೆ. ಗಡಿಯಾರವನ್ನು ಒಂದಾಗಿಸಿದ ಸರ್ಕಾರವೂ ಕೆಲಸದ ವೇಳೆಯನ್ನು ಸೂರ್ಯನಿಗೆ ಬಿಟ್ಟುಕೊಡಬೇಕಾಯಿತು.

ಎರಡು ವಲಯಗಳನ್ನು ವಿರೋಧಿಸುವವರ ಮಾತಿನಲ್ಲಿ ಹುರುಳಿಲ್ಲವೆಂದು ನಾವು ಹೇಳುವುದಿಲ್ಲ. ವಲಯದ ಗಡಿ ದಾಟುವ ರೈಲಿನ ಸಂಕೇತಗಳಲ್ಲಿ ಒಂದು ತಪ್ಪಾದರೂ ಜೀವಗಳು ಹೋದಾವು. 2001ರಲ್ಲಿ ನೇಮಕವಾದ ಸಮಿತಿಯೂ ವಿಭಜನೆಯನ್ನು ಶಿಫಾರಸು ಮಾಡಲಿಲ್ಲ. ಬೆಂಗಳೂರಿನ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಯ ದಿಲೀಪ್ ಅಹುಜಾ ಮತ್ತು ಡಿ. ಪಿ. ಸೇನ್‌ಗುಪ್ತ ಮತ್ತೊಂದು ದಾರಿ ತೋರಿಸಿದರು: ದೇಶವನ್ನು ಎರಡು ಮಾಡದೆ ಇಡೀ ದೇಶದ ಗಡಿಯಾರವನ್ನೇ ಅರ್ಧ ಗಂಟೆ ಮುಂದಕ್ಕೆ ಇಡುವುದು. ಇದರಿಂದ ವರ್ಷಕ್ಕೆ 200 ಕೋಟಿಗೂ ಹೆಚ್ಚು ಯೂನಿಟ್ ವಿದ್ಯುತ್ ಉಳಿಯುವುದೆಂಬುದು ಅವರ ಲೆಕ್ಕ. ಆದರೆ ಪೂರ್ವಕ್ಕೆ ಹಿತವಾದ ಆ ಅರ್ಧ ಗಂಟೆ ಪಶ್ಚಿಮದ ಗಿರಣಿಯಾಳಿನ 1906ರ ದೂರನ್ನೇ ಮತ್ತೆ ಎಬ್ಬಿಸೀತು. 2018ರಲ್ಲಿ ನಮ್ಮ ಪ್ರಮಾಣ ಸಮಯವನ್ನು ಕಾಯುವ ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದ ವಿಜ್ಞಾನಿಗಳೇ ಎರಡು ವಲಯಗಳು ಸಾಧ್ಯವೆಂದು 'ಕರೆಂಟ್ ಸೈನ್ಸ್' ಪತ್ರಿಕೆಯಲ್ಲಿ ಬರೆದರು. ಅಸ್ಸಾಂ ಮತ್ತು ಪಶ್ಚಿಮ ಬಂಗಾಳಗಳ ಕಿರಿದಾದ ಗಡಿಯಲ್ಲಿ ವಲಯಗಳನ್ನು ಬೇರ್ಪಡಿಸಿದರೆ ರೈಲುಗಳು ಸಮಯ ಬದಲಿಸುವ ಜಾಗಗಳು ತೀರ ಕಡಿಮೆ ಎಂಬುದು ಅವರ ವಾದ. ಈಶಾನ್ಯದ ರಾಜ್ಯಗಳೂ ಅಂಡಮಾನ್ ನಿಕೋಬಾರ್ ದ್ವೀಪಗಳೂ ಆರೂವರೆ ಗಂಟೆಯ ವಲಯಕ್ಕೆ ಸೇರಬೇಕೆಂದರು.

ಇಷ್ಟರ ನಡುವೆ, 2025ರ ಜನವರಿಯಲ್ಲಿ ಕೇಂದ್ರ ಸರ್ಕಾರ ಎಲ್ಲ ಆಡಳಿತ ವ್ಯವಹಾರಗಳಿಗೂ ಭಾರತೀಯ ಪ್ರಮಾಣ ಸಮಯವೊಂದೇ ಆಧಾರವಾಗಬೇಕೆಂಬ ಕರಡು ನಿಯಮಗಳನ್ನು ಪ್ರಕಟಿಸಿತು. ಬ್ಯಾಂಕು, ದೂರಸಂಪರ್ಕ, ವಿದ್ಯುಜ್ಜಾಲಗಳ ಗಡಿಯಾರಗಳು ಕ್ಷಣದ ಭಾಗದಷ್ಟೂ ತಪ್ಪದೆ ಹೊಂದಿಕೊಳ್ಳಬೇಕೆಂಬ ಉದ್ದೇಶ ಸರಿಯಾದದ್ದೇ. ನಾವು ಅದನ್ನು ಸ್ವಾಗತಿಸುತ್ತೇವೆ. ನಮ್ಮ ಆತಂಕ ಬೇರೆ. 'ಒಂದು ದೇಶ, ಒಂದು ಸಮಯ' ಎಂಬ ಘೋಷಣೆ ಕಿವಿಗೆ ಹಿತವಾಗಿರುವುದರಿಂದಲೇ, ಬೇರೆ ವೇಳೆ ಬೇಡುವವರನ್ನು ಬೇರೆ ದೇಶ ಬೇಡುವವರಂತೆ ನೋಡುವ ಮನೋಭಾವ ಬೆಳೆಯಬಾರದು. ಏಕತೆ ಒಂದು, ಏಕರೂಪತೆ ಮತ್ತೊಂದು. ಪರರಾಜ್ಯದಲ್ಲಿ ಮನೆಮಾಡಿ, ಅಲ್ಲಿಯ ಭಾಷೆಯನ್ನು ಕಲಿತು, ಮನೆಯಲ್ಲಿ ಕನ್ನಡವನ್ನು ಉಳಿಸಿಕೊಂಡು, ಎರಡಕ್ಕೂ ನಿಷ್ಠರಾಗಿರುವ ನಮಗೆ ಈ ಭೇದವನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಆದ್ದರಿಂದ ನಮ್ಮ ಅಭಿಪ್ರಾಯ ಹೀಗಿದೆ. ಎರಡನೆಯ ವಲಯದ ಪ್ರಶ್ನೆಯನ್ನು ಸರ್ಕಾರ ಮುಚ್ಚಿದ ಕಡತವೆಂದು ಭಾವಿಸದೆ, ರೈಲ್ವೆಯವರನ್ನೂ ಈಶಾನ್ಯದ ಜನಪ್ರತಿನಿಧಿಗಳನ್ನೂ ಒಟ್ಟಿಗೆ ಕೂರಿಸಿ ಬಹಿರಂಗವಾಗಿ ಚರ್ಚಿಸಲಿ. ಅದು ಇತ್ಯರ್ಥವಾಗುವವರೆಗೆ, ಗಡಿಯಾರವನ್ನು ಮುಟ್ಟದೆಯೂ ಮಾಡಬಹುದಾದ ಕೆಲಸವೊಂದಿದೆ. ಈಶಾನ್ಯದಲ್ಲಿರುವ ಕೇಂದ್ರ ಸರ್ಕಾರದ ಕಚೇರಿಗಳೂ ಬ್ಯಾಂಕುಗಳೂ ಶಾಲೆಗಳೂ ಅಲ್ಲಿಯ ಹಗಲಿಗೆ ತಕ್ಕಂತೆ ಒಂದು ಗಂಟೆ ಮೊದಲೇ ತೆರೆದು ಮೊದಲೇ ಮುಚ್ಚಲಿ. ಚಹಾತೋಟದ ಆಳಿಗೆ ಸಿಕ್ಕ ಬೆಳಕು ಶಾಲೆಯ ಮಗುವಿಗೂ ಸಿಗಲಿ. ಪಶ್ಚಿಮದ ಮಕ್ಕಳ ಮಾತನ್ನೂ ಮರೆಯುವಂತಿಲ್ಲ: ಸೂರ್ಯ ತಡವಾಗಿ ಮುಳುಗುವ ಕಡೆ ಮಕ್ಕಳು ತಡವಾಗಿ ಮಲಗುತ್ತಾರೆ, ಶಾಲೆಯ ಗಂಟೆಗಾಗಿ ಬೇಗ ಏಳುತ್ತಾರೆ, ನಿದ್ದೆ ಕಳೆದುಕೊಳ್ಳುತ್ತಾರೆ ಎಂದು ಅರ್ಥಶಾಸ್ತ್ರಜ್ಞ ಮೌಲಿಕ್ ಜಗ್ನಾನಿ ನಮ್ಮ ದೇಶದ ಅಂಕಿಅಂಶಗಳಿಂದಲೇ ತೋರಿಸಿದ್ದಾರೆ. ಅವರ ಶಾಲೆಯ ವೇಳೆಯನ್ನೂ ಆಯಾ ಊರಿನ ಸೂರ್ಯನನ್ನು ನೋಡಿಯೇ ಗೊತ್ತುಮಾಡಬೇಕು.

ನಮ್ಮ ಸಂಘಗಳಿಗೂ ಇದರಲ್ಲೊಂದು ಪಾಠವಿದೆ. ನಾಡಿನ ಎಲ್ಲ ಕನ್ನಡ ಸಂಘಗಳು ದೂರವಾಣಿ ತೆರೆಯ ಮೇಲೆ ಕೂಡಿ ನಡೆಸುವ ಸಭೆಗಳಿಗೆ ನಾವು ಮುಂಬಯಿ, ಪುಣೆಯವರು ರಾತ್ರಿ ಎಂಟೂವರೆಯನ್ನು ಸಲೀಸಾಗಿ ಗೊತ್ತುಮಾಡಿಬಿಡುತ್ತೇವೆ. ಗುವಾಹಟಿಯ ನಮ್ಮ ಮಿತ್ರರಿಗೆ ಅದು ಕತ್ತಲಾಗಿ ಬಹಳ ಸಮಯ ಕಳೆದ ಹೊತ್ತು ಎಂಬುದು ಅವರ ಪತ್ರ ಬರುವವರೆಗೆ ನಮಗೆ ಹೊಳೆದಿರಲಿಲ್ಲ. ಮುಂದಿನ ಸಭೆಯನ್ನು ಭಾನುವಾರ ಮಧ್ಯಾಹ್ನಕ್ಕೆ ಇಟ್ಟುಕೊಂಡಿದ್ದೇವೆ. ಪಂಚಾಂಗದ ಲೆಕ್ಕವನ್ನು ಅವರಿಗೆ ಬರೆದು ಕಳುಹಿಸಿದ್ದೇವೆ: 68 ನಿಮಿಷ, ಅಂದರೆ ಎರಡು ಘಳಿಗೆ ಐವತ್ತು ವಿಘಳಿಗೆ.