ಹದಿನೈದು ದಿನಗಳ ಹಕ್ಕು

ಪೇಟೆಯ ಬೀದಿಯಲ್ಲಿ ಇಪ್ಪತ್ತು ವರ್ಷಗಳಿಂದ ಒಂದೇ ಮಳಿಗೆಯಲ್ಲಿ ಕಿರಾಣಿಯನ್ನೋ ಜವಳಿಯನ್ನೋ ಇಟ್ಟುಕೊಂಡು ಜೀವನ ಸಾಗಿಸುತ್ತಿರುವ ಗೃಹಸ್ಥನನ್ನು, ಆ ಸ್ಥಳದಲ್ಲಿ ನಿಮಗೆ ಎಷ್ಟು ದಿನದ ಹಕ್ಕಿದೆಯೆಂದು ಕೇಳಿದರೆ ಆತನು ಅಚ್ಚರಿಪಟ್ಟಾನು. ಮಕ್ಕಳ ವಿದ್ಯಾಭ್ಯಾಸ, ಸಗಟು ವರ್ತಕರೊಡನೆ ಇರುವ ಲೇವಾದೇವಿ, ಗಿರಾಕಿಗಳ ನಂಬಿಕೆ, ಎಲ್ಲವೂ ಆ ನಾಲ್ಕು ಗೋಡೆಗಳನ್ನು ಆಶ್ರಯಿಸಿ ನಿಂತಿವೆ. ಆದರೆ ಕಾಯಿದೆಯು ಇಂತಹ ಬಹುಮಂದಿಗೆ ಕೊಡುವ ಉತ್ತರವು ಒಂದೇ ಆಗಿರುವುದು: ಹದಿನೈದು ದಿನ.

ಇದು ಹೇಗಾಯಿತೆಂಬುದನ್ನು ವಾಚಕರು ತಿಳಿಯುವುದು ಅವಶ್ಯಕ. 1882ನೆಯ ಇಸವಿಯ ಸ್ವತ್ತು ವರ್ಗಾವಣೆ ಕಾಯಿದೆಯ 107ನೆಯ ಪ್ರಕರಣದಂತೆ, ಒಂದು ವರ್ಷಕ್ಕೆ ಮೀರಿದ ಅವಧಿಯ ಗುತ್ತಿಗೆಯು ರಿಜಿಸ್ಟರಾದ ಪತ್ರದ ಮೂಲಕವೇ ಆಗತಕ್ಕದ್ದು. ಸ್ಟಾಂಪು ಮತ್ತು ರಿಜಿಸ್ಟ್ರಿಯ ಖರ್ಚನ್ನು ಉಳಿಸುವುದಕ್ಕಾಗಿ ಉಭಯಪಕ್ಷದವರೂ ಸೇರಿ ಹನ್ನೊಂದು ತಿಂಗಳ ಕರಾರನ್ನು ಬರೆದುಕೊಳ್ಳುವರು. ಹನ್ನೊಂದು ತಿಂಗಳು ತುಂಬಿದ ತರುವಾಯ ಹೊಸ ಕಾಗದವಿಲ್ಲ. ಬಾಯಿಮಾತಿನಲ್ಲಿ ಬಾಡಿಗೆ ಏರುವುದು, ವ್ಯಾಪಾರವು ನಡೆಯುವುದು. ಒಡೆಯರು ಬಾಡಿಗೆಯನ್ನು ಸ್ವೀಕರಿಸುತ್ತಿರುವವರೆಗೆ 116ನೆಯ ಪ್ರಕರಣದಂತೆ ಅದು ತಿಂಗಳಿಂದ ತಿಂಗಳಿಗೆ ಮುಂದುವರಿಯುವ ಗುತ್ತಿಗೆ. ಅಂತಹ ಗುತ್ತಿಗೆಯನ್ನು 106ನೆಯ ಪ್ರಕರಣದಂತೆ ಹದಿನೈದು ದಿನಗಳ ನೋಟೀಸಿನಿಂದ ಮುಕ್ತಾಯಗೊಳಿಸಬಹುದು. ಮೊದಲು ಆ ನೋಟೀಸು ಗುತ್ತಿಗೆಯ ತಿಂಗಳ ಕೊನೆಗೆ ಸರಿಯಾಗಿ ಮುಗಿಯಬೇಕೆಂಬ ನಿಯಮವಿದ್ದುದರಿಂದ, ದಿನದ ಲೆಕ್ಕ ತಪ್ಪಿ ಎಷ್ಟೋ ದಾವಾಗಳು ಬಿದ್ದುಹೋಗುತ್ತಿದ್ದುವು. 2003ನೆಯ ಇಸವಿಯ 3ನೆಯ ತಿದ್ದುಪಡಿ ಕಾಯಿದೆಯು ಆ ಕುಣಿಕೆಯನ್ನೂ ಸಡಿಲಿಸಿತು. ವಕೀಲರ ಜಾಣ್ಮೆಗೆ ಅವಕಾಶ ತಗ್ಗಿದುದು ಸರಿಯೇ. ಆದರೆ ಬಾಡಿಗೆದಾರನಿಗೆ ಉಳಿದಿದ್ದ ಅಲ್ಪಸ್ವಲ್ಪ ಉಸಿರಾಟದ ಕಾಲವೂ ಅದರೊಡನೆ ಹೋಯಿತು.

ಬಾಡಿಗೆ ಕಾಯಿದೆಯೊಂದು ಇರುವುದಲ್ಲವೆ ಎಂದು ಕೆಲವರು ಕೇಳಬಹುದು. ಇರುವುದು. 1961ನೆಯ ಇಸವಿಯ ಬಾಡಿಗೆ ನಿಯಂತ್ರಣ ಕಾಯಿದೆಯ ಸ್ಥಾನದಲ್ಲಿ ಬಂದ ಕರ್ನಾಟಕ ಬಾಡಿಗೆ ಕಾಯಿದೆ, 1999, ಎಂಬುದು 2001ನೆಯ ಡಿಸೆಂಬರ್ 31ರಿಂದ ಜಾರಿಗೆ ಬಂದಿತು. ಆದರೆ ವ್ಯಾಪಾರದ ಮಳಿಗೆಯ ತಳವಿಸ್ತೀರ್ಣವು 14 ಚದರ ಮೀಟರಿಗೆ ಮೀರಿದರೆ ಅದು ಅನ್ವಯಿಸುವುದಿಲ್ಲ. ಹತ್ತು ಅಡಿ ಅಗಲ, ಹದಿನೈದು ಅಡಿ ಉದ್ದದ ಅಂಗಡಿಯೊಂದು ಈ ಗೆರೆಯ ಒಳಗೆ ಹೇಗೋ ನುಸುಳಿಕೊಳ್ಳುವುದು; ಒಂದು ಅಡಿ ಹೆಚ್ಚಾದರೆ ಹೊರಗೆ. ಹೊಲಿಗೆಯವನು ಎರಡು ಯಂತ್ರಗಳೊಡನೆ ಬಟ್ಟೆ ಕತ್ತರಿಸುವ ಮೇಜೊಂದನ್ನು ಹಾಕಿಕೊಂಡರೆ ಅವನು ದೊಡ್ಡ ವರ್ತಕನಾದನೆಂದು ಕಾಯಿದೆಯು ತಿಳಿಯುವುದೇ? ಇದರ ಮೇಲೆ ಬಾಡಿಗೆಯ ಮೊತ್ತದ ಮಿತಿಯೂ ಉಂಟು: ದೊಡ್ಡ ನಗರಗಳಲ್ಲಿ 3500 ರೂಪಾಯಿ, ಇತರ ಕಡೆಗಳಲ್ಲಿ 2000 ರೂಪಾಯಿ. ಆ ದರಕ್ಕೆ ಪೇಟೆಬೀದಿಯಲ್ಲಿ ಮಳಿಗೆಯನ್ನು ಹುಡುಕುವ ಕೆಲಸವನ್ನು ಆ ಮಿತಿಯನ್ನು ಹಾಗೆಯೇ ಇಟ್ಟುಕೊಂಡಿರುವ ಮಹನೀಯರಿಗೇ ಬಿಡುತ್ತೇವೆ.

ಬೆಂಗಳೂರಿನವರಿಗೆ ಹಳೆಯ ನಿದರ್ಶನವೊಂದು ನೆನಪಿನಲ್ಲಿರಬೇಕು. ಕಾಫಿ ಬೋರ್ಡಿನವರು ತಮ್ಮ ಉಪಾಹಾರಗೃಹಗಳನ್ನು ಮುಚ್ಚತೊಡಗಿದಾಗ, ಕೆಲಸ ಕಳೆದುಕೊಂಡ ನೌಕರರೇ ಕೂಡಿ ಸಹಕಾರ ಸಂಘವನ್ನು ಕಟ್ಟಿದರು. ಅವುಗಳಲ್ಲಿ ಮೊದಲನೆಯದು 1957ರಲ್ಲಿ ಬೆಂಗಳೂರಿನಲ್ಲಿಯೇ ಸ್ಥಾಪಿತವಾಯಿತು. ಮಹಾತ್ಮಾ ಗಾಂಧಿ ರಸ್ತೆಯಲ್ಲಿ ಬಿಳಿಯ ಉಡುಪು, ರುಮಾಲುಗಳ ಪರಿಚಾರಕರು ಕಾಫಿ ತಂದುಕೊಡುತ್ತಿದ್ದ ಆ ಸಂಘದ ಕಾಫಿ ಹೌಸನ್ನು ಅರಿಯದ ಹಳೆಯ ನಾಗರಿಕರು ಕಡಿಮೆ. ಕಟ್ಟಡದ ಒಡೆಯರೊಡನೆ ನಡೆದ ವ್ಯಾಜ್ಯದ ತರುವಾಯ 2009ರ ಏಪ್ರಿಲಿನಲ್ಲಿ ಅದು ಆ ಸ್ಥಳವನ್ನು ಬಿಟ್ಟು ಚರ್ಚ್ ಸ್ಟ್ರೀಟಿಗೆ ತೆರಳಿತು. ಬೆನ್ನಿಗೆ ಸಂಘವೂ ಜನರ ಅಭಿಮಾನವೂ ಇದ್ದ ಸಂಸ್ಥೆಗೆ ಹತ್ತಿರದಲ್ಲಿಯೇ ಇನ್ನೊಂದು ನೆಲೆ ಸಿಕ್ಕಿತು. ಒಬ್ಬಂಟಿಯಾದ ಅಂಗಡಿಯವನು ಎಲ್ಲಿಗೆ ಹೋದಾನು?

ಒಡೆಯರೆಲ್ಲರೂ ನಿರ್ದಯರೆಂದು ನಾವು ಹೇಳುವುದಿಲ್ಲ. ಒಂದೇ ಮಳಿಗೆಯ ಬಾಡಿಗೆಯಿಂದ ಮನೆ ನಡೆಸುವ ವಿಧವೆಯರೂ ನಿವೃತ್ತರೂ ಪ್ರತಿ ಊರಿನಲ್ಲಿ ಇರುವರು. ನಿಯಂತ್ರಣದ ಹೆಸರಿನಲ್ಲಿ ಅವರಿಗೆ ಆದ ಅನ್ಯಾಯವೂ ಸಣ್ಣದಲ್ಲ. 1947ನೆಯ ಇಸವಿಯ ಮುಂಬಯಿ ಬಾಡಿಗೆ ಕಾಯಿದೆಯು ಬಾಡಿಗೆಗಳನ್ನು 1940ನೆಯ ಸೆಪ್ಟೆಂಬರ್ 1ರ ಮಟ್ಟದಲ್ಲಿ ಹೆಪ್ಪುಗಟ್ಟಿಸಿತ್ತು. ಅರ್ಧ ಶತಮಾನ ಕಳೆದ ಮೇಲೂ ಹಾಗೆಯೇ ಉಳಿಸಿಕೊಂಡಿರುವುದು ಯುಕ್ತವಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 1997ರಲ್ಲಿ ಹೇಳಬೇಕಾಯಿತು. ದೆಹಲಿಯ ಖಾನ್ ಮಾರ್ಕೆಟ್ಟಿನ ಮಳಿಗೆಯೊಂದರ ಕಥೆಯು ಎರಡು ಕಡೆಯ ವೈಪರೀತ್ಯಗಳನ್ನೂ ಒಟ್ಟಿಗೆ ತೋರಿಸುತ್ತದೆ. 1975ರಲ್ಲಿ ತಿಂಗಳಿಗೆ 300 ರೂಪಾಯಿಗೆ ಕೊಟ್ಟ ಆ ಮಳಿಗೆಯನ್ನು ತೆರವು ಮಾಡಬೇಕೆಂಬ ಆಜ್ಞೆಗೆ ತಡೆ ಕೊಡುವಾಗ, ಉಚ್ಚ ನ್ಯಾಯಾಲಯವು ತಿಂಗಳಿಗೆ ಮೂರೂವರೆ ಲಕ್ಷ ರೂಪಾಯಿ ಕೊಡುವಂತೆ ವಿಧಿಸಿತು. 2020ರಲ್ಲಿ ಮಹಾಮಾರಿಯ ನಿಮಿತ್ತ ಪೇಟೆಗಳೆಲ್ಲ ಮುಚ್ಚಿದಾಗ ಬಾಡಿಗೆದಾರರು ಆ ಹಣವನ್ನು ಅಮಾನತಿನಲ್ಲಿಡಬೇಕೆಂದು ಬೇಡಿದರು. ಸ್ಥಳವನ್ನು ಬಿಡದೆ ಇಟ್ಟುಕೊಂಡಿರುವವರೆಗೆ ಬಾಡಿಗೆಯ ಹೊಣೆ ತಪ್ಪದೆಂದು ನ್ಯಾಯಾಲಯವು ಮೇ 21ರಂದು ತೀರ್ಪಿತ್ತು, ಪಾವತಿಗೆ ಕಾಲಾವಕಾಶವನ್ನು ಮಾತ್ರ ಕೊಟ್ಟಿತು. ನಲವತ್ತು ವರ್ಷ ಒಡೆಯನು ಅತ್ತನು. ಬಳಿಕ ಅಳುವ ಸರದಿ ಬಾಡಿಗೆದಾರನಿಗೆ ಬಂದಿತು. ನಡುವಣ ದಾರಿಯನ್ನು ಶಾಸನವು ತೋರಿಸದಿದ್ದುದೇ ಇದಕ್ಕೆ ಕಾರಣ.

ಇದಕ್ಕಿಂತ ಹೇಯವಾದುದು ನೋಟೀಸೂ ಇಲ್ಲದೆ ರಾತ್ರಿಯಲ್ಲಿ ಬೀಗ ಜಡಿಯುವ, ವಿದ್ಯುತ್ತನ್ನು ಕತ್ತರಿಸುವ ಪದ್ಧತಿ. ಕರಾರು ಮುಗಿದಿದ್ದರೂ ನ್ಯಾಯಾಲಯದ ಆಜ್ಞೆಯಿಲ್ಲದೆ ಬಲಾತ್ಕಾರದಿಂದ ಹೊರದೂಡುವ ಅಧಿಕಾರವು ಒಡೆಯನಿಗಿಲ್ಲ. ಹಾಗೆ ಹೊರದೂಡಲ್ಪಟ್ಟವನು 1963ನೆಯ ಇಸವಿಯ ನಿರ್ದಿಷ್ಟ ಪರಿಹಾರ ಕಾಯಿದೆಯ 6ನೆಯ ಪ್ರಕರಣದಂತೆ ಆರು ತಿಂಗಳ ಒಳಗಾಗಿ ದಾವಾ ಹೂಡಿ ಸ್ವಾಧೀನವನ್ನು ಮರಳಿ ಪಡೆಯಬಹುದು. ತಾನು ಹಾಕಿಸಿದ ಕಪಾಟು, ಫಲಕ, ಷಟರುಗಳನ್ನು ತೆಗೆದುಕೊಂಡುಹೋಗುವ ಹಕ್ಕು ಬಾಡಿಗೆದಾರನಿಗೆ ಉಂಟಾದರೂ, ಅದು ಆತನು ಸ್ವಾಧೀನದಲ್ಲಿರುವವರೆಗೆ ಮಾತ್ರವೆಂದು 108ನೆಯ ಪ್ರಕರಣವು ಹೇಳುತ್ತದೆ. ಬೀಗದ ಕೈ ಒಡೆಯನ ಸೊಂಟ ಸೇರಿದ ಮೇಲೆ ಕಪಾಟಿಗಾಗಿಯೂ ಕೋರ್ಟಿನ ಮೆಟ್ಟಲು ಹತ್ತಬೇಕು. ಪೊಲೀಸು ಠಾಣೆಯಲ್ಲಿ ಇದು ಸಿವಿಲ್ ವ್ಯವಹಾರವೆಂದು ಕೈತೊಳೆದುಕೊಳ್ಳುವ ಅಧಿಕಾರಿಗಳು ಈ ಮಾತನ್ನು ಗಮನಿಸಬೇಕು.

ನಮ್ಮ ವರ್ತಕ ಬಂಧುಗಳಲ್ಲಿಯೂ ದೋಷವಿಲ್ಲದೆ ಇಲ್ಲ. ರಸೀತಿಯನ್ನು ಕೇಳಿ ಪಡೆಯುವುದು ಅಗೌರವವೆಂದು ತಿಳಿಯುವವರು, ಮುಂಗಡದ ಹಣವನ್ನು ಕಾಗದದಲ್ಲಿ ಅರ್ಧವಾಗಿ ಬರೆಯಿಸಿ ಉಳಿದುದನ್ನು ಕೈಮೇಲೆ ಕೊಡುವವರು, ವ್ಯಾಜ್ಯ ಬಂದ ದಿನ ಸಾಕ್ಷಿಗಾಗಿ ಬೀದಿಯಲ್ಲಿ ಅಲೆಯುವರು. ತೆರಿಗೆಯನ್ನು ತಪ್ಪಿಸಲು ಒಡೆಯನಿಗೆ ನೆರವಾದವನಿಗೆ ಅದೇ ಒಡೆಯನು ಪ್ರಾಮಾಣಿಕನಾಗಿರಬೇಕೆಂದು ನಿರೀಕ್ಷಿಸುವುದು ವಿನೋದವೇ ಸರಿ.

ಕೇಂದ್ರ ಮಂತ್ರಿಮಂಡಲವು 2021ನೆಯ ಜೂನಿನಲ್ಲಿ ಒಪ್ಪಿದ ಮಾದರಿ ಬಾಡಿಗೆ ಕಾಯಿದೆಯು ಕರಾರು ಬರಹದಲ್ಲಿಯೇ ಇರಬೇಕೆಂದೂ, ವಾಸದ ಮನೆಯಲ್ಲದ ಸ್ಥಳಗಳ ಮುಂಗಡವು ಆರು ತಿಂಗಳ ಬಾಡಿಗೆಗೆ ಮೀರಬಾರದೆಂದೂ ಹೇಳಿದೆ. ಹತ್ತು ತಿಂಗಳ ಮುಂಗಡವೇ ರೂಢಿಯಾಗಿರುವ ಬೆಂಗಳೂರಿಗೆ ಇದು ಸಣ್ಣ ಮಾತಲ್ಲ. ಆದರೂ ಅದು ಸಾಲದು. ಸಣ್ಣ ಮಳಿಗೆಗಳ ಮೂರು ವರ್ಷದ ಗುತ್ತಿಗೆಯನ್ನು ಅಲ್ಪ ಶುಲ್ಕದಲ್ಲಿ ರಿಜಿಸ್ಟರು ಮಾಡಿಕೊಡುವ ಏರ್ಪಾಡು ಬೇಕು. ವರ್ಷಕ್ಕೆ ಇಷ್ಟು ಬಾಡಿಗೆ ಏರುವುದೆಂಬುದು ಅದರಲ್ಲಿಯೇ ಬರೆದಿರಲಿ, ಒಡೆಯನಿಗೂ ನಷ್ಟವಿಲ್ಲ. ತಯಾರಿಕೆಯ ಉದ್ದೇಶಕ್ಕೆ ಕೊಟ್ಟ ಸ್ಥಳಕ್ಕೆ ಆರು ತಿಂಗಳ ನೋಟೀಸನ್ನು ವಿಧಿಸಿರುವ ಅದೇ 106ನೆಯ ಪ್ರಕರಣವು, ಐದು ವರ್ಷಕ್ಕೆ ಮೀರಿ ನಡೆದ ಅಂಗಡಿಗೂ ಅಷ್ಟೇ ಕಾಲವನ್ನು ಏಕೆ ಕೊಡಬಾರದು? ಮುಂಗಡವು ಕೈಸೇರಿದ ದಿನವೇ ಬೀಗದ ಕೈಯನ್ನು ಒಪ್ಪಿಸತಕ್ಕದ್ದೆಂದು ನಿಯಮವಾದರೆ ಅರ್ಧದಷ್ಟು ವ್ಯಾಜ್ಯಗಳು ಹುಟ್ಟುವ ಮೊದಲೇ ತೀರಿಯಾವು.

ಸರ್ಕಾರದವರು ಈ ಕಾರ್ಯವನ್ನು ತಮ್ಮ ಅಂಗಳದಿಂದಲೇ ಆರಂಭಿಸಬಹುದು. ಪುರಸಭೆ, ನಗರಸಭೆಗಳಿಗೆ ಸೇರಿದ ಮಳಿಗೆಗಳಿಗೆ 1999ನೆಯ ಇಸವಿಯ ಕಾಯಿದೆಯ ರಕ್ಷಣೆಯೇ ಇಲ್ಲ. ಹರಾಜಿನ ದಿನ ಹೊರಗಿನಿಂದ ಬಂದವನು ಹೆಚ್ಚು ಕೂಗಿದರೆ, ವರ್ಷಗಟ್ಟಲೆ ಬಾಡಿಗೆ ಕಟ್ಟಿದವನ ಸರಕು ಬೀದಿಗೆ ಬರುವುದು. ಹಿಂದಿನ ಬಾಡಿಗೆದಾರನು ಬಾಕಿಯಿಲ್ಲದವನಾಗಿದ್ದರೆ, ಹರಾಜಿನಲ್ಲಿ ನಿಂತ ಮೊತ್ತಕ್ಕೇ ಒಪ್ಪುವ ಮೊದಲ ಅವಕಾಶವನ್ನು ಅವನಿಗೆ ಕೊಡುವ ಒಂದು ಸಾಲನ್ನು ಹರಾಜಿನ ಷರತ್ತುಗಳಲ್ಲಿ ಸೇರಿಸಲಿ. ಅದರಿಂದ ಪುರಸಭೆಯ ಬೊಕ್ಕಸಕ್ಕೆ ಒಂದು ಕಾಸೂ ಕಡಿಮೆಯಾಗದು.